ದೇವರ ಕೊಡ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನಾಚೆಯ ಸಣ್ಣ ಹಳ್ಳಿಯಲ್ಲಿ ನೀರಿನ ಟಾಕಿಯ ಕಾಲುಗಳಷ್ಟೇ ಕಾಣುತ್ತಿದ್ದವು. ಮೇಲಿನದೆಲ್ಲ ಶಿವನಿಗೇ ಗೊತ್ತು. ಇಂಥ ಮಂಜಿಗೆ ತೊಗರಿ ಹೂ ಉದುರುತ್ತದಲ್ಲ ಎಂದು ಮರುಗುತ್ತ ನೀರು ಬಿಡುವ ಬಕ್ಕಪ್ಪ ಏಣಿ ಹತ್ತಿದ. ನೆಗಡಿಯಿಂದ ಮೂಗು ಕಟ್ಟಿತ್ತು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಟಾಕಿ ಕೋಣೆಯಿಂದ ತಂದ ಚೀಲದ ಬಿಳಿ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಬಸವಣ್ಣನ ಹೆಸರು ಹೇಳಿ ಟಾಕಿಗೆ ಸುರಿದು, ಇಳಿದು ಬಂದು ವಾಲ್ವು ತಿರುಗಿಸಿದ.

ಹಿಂದಿನ ಸಂಜೆ ಪಂಡರಿ ತನ್ನ ಟಂಟಂ ಗಾಡಿ ನಿಲ್ಲಿಸದೆಯೇ ಕೂಗಿ ಹೇಳಿದ್ದ: "ಕಾಕಾ, ಔಷಧ ಟಾಕಿ ಕೋಣ್ಯಾಗ ಇಟ್ಟೀನ್ರಿ." ಹುಮನಾಬಾದಿನಿಂದ ಪಂಚಾಯ್ತಿಯ ಬ್ಲೀಚಿಂಗ್ ಪುಡಿ ತರುವವನು ಅವನೇ. ಊರಲ್ಲಿ ಅದಕ್ಕೆ ಔಷಧ ಎಂದೇ ಹೆಸರು.

ಈಗ ಅದೇ ಪಂಡರಿ ಮಂಜಿನೊಳಗಿಂದ ಬಂದು, "ನನ್ನ ಔಷಧದ ಚೀಲ ಎಲ್ಲದರಿ ಕಾಕಾ?" ಎಂದ.

"ಯಾವ ಔಷಧೋ?"

"ತೊಗರಿ ಹುಳಕ್ಕ ಹೊಡಿಯೂದು. ಮನ್ಯಾಗ ಹುಡುಗ್ರು ಅದಾವಂತ ಇಲ್ಲಿಟ್ಟಿದ್ದೆ."

ಬಕ್ಕಪ್ಪ ವಾಲ್ವು ಮುಚ್ಚಿ, ಟಾಕಿ ಬರಿದು ಮಾಡು, ದನ ಹತ್ತಿರ ಬಿಡಬೇಡ ಎಂದು ಪಂಡರಿಗೆ ಹೇಳಿ ಓಡಿದ. ಪ್ರತಿ ಬಾಗಿಲಿನ ಹಿಂದೆಯೂ ಯಾರೋ ಲೋಟ ಎತ್ತುತ್ತಿರುವ ಹಾಗೆ ಅನಿಸುತ್ತಿತ್ತು.

ಊರಿಗೊಂದು ನೇಮವಿತ್ತು. ಮೊದಲ ನಳದ ಮೊದಲ ಕೊಡ ಕಟ್ಟೆಯ ಬಸವಣ್ಣನ ನೆತ್ತಿಗೆ ಬೀಳಬೇಕು; ಆಮೇಲೆಯೇ ಹೊಸ ನೀರು ಮನುಷ್ಯರ ಬಾಯಿಗೆ. ಆ ಸೇವೆ ಮುದುಕಿ ಸಖುಬಾಯಿಯದು. ಕೊಡ ಸೊಂಟಕ್ಕಿಟ್ಟು ಹೊರಟವಳ ಕೈಯಿಂದ ಬಕ್ಕಪ್ಪ ಅದನ್ನು ಕಸಿದು ನೆಲಕ್ಕೆ ಚೆಲ್ಲಿದ.

ಸಖುಬಾಯಿ ಬೈಯಲಿಲ್ಲ. "ದೇವರ ಕೊಡ ಕಸಗೊಂಡಿ, ಬಕ್ಕಪ್ಪ. ಅವಗ ಸಾಲಗಾರ ಆದಿ ನೋಡು."

"ಯವ್ವಾ, ನೀರಾಗ ಹುಳದ ಔಷಧ ಹಾಕೀನಿ. ನನ್ನ ಕೈಲೇ ಹಾಕೀನಿ."

ಚೆಲ್ಲಿದ ನೀರಿನಲ್ಲಿ ಇರುವೆಗಳು ಮುದುಡಿ ನಿಂತುಹೋಗಿದ್ದವು. ಇಬ್ಬರೂ ನೋಡಿದರು. ಮುದುಕಿ ಓಣಿಯ ಕಡೆ ತಿರುಗಿ, ದಿನದ ದನಿಯಲ್ಲೇ ಕೂಗಿದಳು: "ದೇವರ ಕೊಡ ಇನ್ನಾ ಬಿದ್ದಿಲ್ರೆವ್ವಾ! ಯಾರೂ ನೀರು ಮುಟ್ಟಬ್ಯಾಡ್ರಿ!"

ಆ ಕೂಗು ಮನೆಯಿಂದ ಮನೆಗೆ ದಾಟಿತು. ಎತ್ತಿದ ಬಿಂದಿಗೆಗಳು ಇಳಿದವು.

ಊರಿಗೆಲ್ಲ ಓಡಿದವನಿಗೆ ತನ್ನ ಮನೆ ಕೊನೆಗೆ ನೆನಪಾಯಿತು. ಮೊಮ್ಮಗಳು ರೂಪಾಲಿ ಎದ್ದ ಕೂಡಲೇ ನೀರು ಕುಡಿಯುವವಳು. ಹೊಸ್ತಿಲು ದಾಟಿ ಒಳಗೆ ನುಗ್ಗಿದ. ಅವಳು ತುಂಬಿದ ಲೋಟ ಹಿಡಿದು ಕೂತಿದ್ದಳು.

"ಅಜ್ಜಾ, ಸಖುಬಾಯಿ ಇನ್ನಾ ನೀರು ಹಾಕಿಲ್ಲಂತ. ನೀರಡಿಕಿ ಆಗ್ಯದ."

ಅವನು ಲೋಟ ಇಸಿದುಕೊಂಡು ನೀರನ್ನು ಬಚ್ಚಲಿಗೆ ಸುರಿದ.

ಪಂಚಾಯ್ತಿಯವರ ಮುಂದೆ ಬಕ್ಕಪ್ಪ ಏನನ್ನೂ ಮುಚ್ಚಿಡಲಿಲ್ಲ. ಟಾಕಿ, ಕೊಳವೆ ಎಲ್ಲ ಮೂರು ಸಲ ತೊಳೆದರು, ಟ್ಯಾಂಕರ್ ಬಂತು, ನೀರಿನ ಪರೀಕ್ಷೆ ಆಯಿತು. ಚಿಂತೆಯಿಲ್ಲ ಎಂಬ ಮಾತು ಬರುವವರೆಗೆ ಐದು ರಾತ್ರಿ ಬಕ್ಕಪ್ಪನಿಗೆ ಇರುವೆಗಳೇ ಕಣ್ಣಿಗೆ ಕಟ್ಟಿದ್ದವು.

ಆರನೆಯ ಬೆಳಿಗ್ಗೆ ಮೊದಲ ನಳ ತಿರುಗಿಸಿದ. ಕಸಿದಿದ್ದ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿದ್ದ. ಅದನ್ನು ಕಂಠದವರೆಗೆ ತುಂಬಿ, ಎರಡೂ ಕೈಯಿಂದ ಸಖುಬಾಯಿಯ ಸೊಂಟಕ್ಕೆ ಏರಿಸಿದ.