ನಲವತ್ತು ಪುಟಗಳ ಮೌನ

ನಮ್ಮ ವಿಭಾಗದ ಗೋಡೆಯ ಮೇಲೆ ಬಟ್ಟೆಯದೊಂದು ಚಾರ್ಟ್ ಇದೆ. ಹಾಸಿಗೆಯ ಹೊದಿಕೆಯಷ್ಟು ದೊಡ್ಡದು, ಅಂಗಡಿ ಬೋರ್ಡು ಬರೆಯುವವನಿಂದ ಬರೆಸಿದ್ದು. ನಡುವೆ ದಪ್ಪ ವೃತ್ತ, ಅದರೊಳಗೆ ‘ಯಜಮಾನ’. ಸುತ್ತಲಿನ ಸಣ್ಣ ವೃತ್ತಗಳಲ್ಲಿ ಹೆಂಡತಿ, ತಮ್ಮ, ಸೊಸೆ, ಗುಮಾಸ್ತ, ಅಡುಗೆಯವಳು. ಯಜಮಾನನಿಂದ ಎಲ್ಲರ ಕಡೆಗೂ ಕೆಂಪು ಬಾಣಗಳು ಹೊರಟಿವೆ, ಅವನ ಕಡೆಗೆ ಒಂದೂ ಬಂದಿಲ್ಲ. ಕೆಳಗಿನ ಮೂಲೆಯಲ್ಲಿ, ಯಾವ ಬಾಣವೂ ತಾಗದ ಹಾಗೆ, ಚುಕ್ಕಿಗೆರೆಯ ಒಂದು ವೃತ್ತದಲ್ಲಿ ‘ಮುದಿ ತಾಯಿ’ ಎಂದು ಬರೆದಿದೆ.

ಇದು ನಾವು ಪ್ರತಿ ವರ್ಷ ಪಾಠ ಮಾಡುವ ಹಳೆಯ ಕಾದಂಬರಿಯೊಂದರ ಅಧಿಕಾರ ಸಂಬಂಧಗಳ ನಕ್ಷೆ. ಬರೆಸಿದವರು ವಿಭಾಗದ ಆಗಿನ ಮುಖ್ಯಸ್ಥರು. ಹುಡುಗರು ಬೆನ್ನ ಹಿಂದೆ ಅವರನ್ನು ಬಾಣದ ಮೇಷ್ಟ್ರು ಅನ್ನುತ್ತಿದ್ದರು. ಆಗ ವಿಭಾಗವೆಂದರೆ ಅವರು ಮತ್ತು ನಾನು, ಇಬ್ಬರೇ. ಬಾಣ ಬಿಡುವುದಕ್ಕೆ ಇಬ್ಬರು ಸಾಕು.

ಮೇಷ್ಟ್ರಿಗೆ ಹೆಸರು ತಂದುಕೊಟ್ಟದ್ದು ಒಂದು ಸಿದ್ಧಾಂತ. ಕಾದಂಬರಿಯ ನಡುವೆ ಒಂದು ಕಡೆ, ಮಂಚ ಹಿಡಿದ ಮುದಿ ತಾಯಿಯ ಕೋಣೆಗೆ ಮಗ, ಅಂದರೆ ಯಜಮಾನ, ಬರುತ್ತಾನೆ. ‘ಅಮ್ಮ ಬಾಯಿ ತೆರೆದಳು’ ಎಂಬಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಪುಟದ ಮೊದಲ ಸಾಲು: ‘ಮಂಚ ಖಾಲಿಯಾಗಿತ್ತು.’ ಅವಳು ಏನೆಂದಳು, ಹೇಗೆ ಸತ್ತಳು, ಒಂದಕ್ಷರವಿಲ್ಲ. ಇಡೀ ಸಾಹಿತ್ಯದಲ್ಲೇ ಇಂಥ ಮೌನ ಇನ್ನೊಂದಿಲ್ಲ, ಬಾಯಿ ತೆರೆದ ಹೆಣ್ಣನ್ನು ಅಧಿಕಾರ ನುಂಗಿದ ಪರಿ ಇದು ಎಂದು ಮೇಷ್ಟ್ರು ಇನ್ನೂರೈವತ್ತು ಪುಟಗಳ ಪ್ರಬಂಧ ಬರೆದು ಡಾಕ್ಟರಾದರು. ಪುಟದ ಸಂಖ್ಯೆ ನೂರಹನ್ನೆರಡರಿಂದ ನೂರೈವತ್ತಮೂರಕ್ಕೆ ನೆಗೆಯುವುದನ್ನೂ ಅವರು ಬಿಟ್ಟಿರಲಿಲ್ಲ. ಅದು ಲೇಖಕರು ಬೇಕೆಂದೇ ಮಾಡಿದ ತಂತ್ರವಂತೆ, ಹೆಸರು ‘ಮೌನದ ಜಿಗಿತ’. ಅದೇ ಪ್ರಬಂಧದಿಂದ ಅವರು ಮಾಡಿದ ಪರೀಕ್ಷೆಯ ಗೈಡು ಆಗಲೇ ಎಂಟು ಮುದ್ರಣ ಕಂಡಿತ್ತು. ಕಾದಂಬರಿಗೆ ಮಾತ್ರ ಎರಡನೇ ಮುದ್ರಣದ ಯೋಗವೂ ಬರಲಿಲ್ಲ. ಗ್ರಂಥಾಲಯದ ಒಂದೇ ಹಳೇ ಪ್ರತಿಯಿಂದ ತೆಗೆದ ಜೆರಾಕ್ಸನ್ನೇ ಎಲ್ಲರೂ ಓದುವುದು. ನಾನೂ ಓದಿದ್ದು ಅದನ್ನೇ, ಮೆಚ್ಚಿ ತಲೆಯಾಡಿಸಿದ್ದೂ ಅದಕ್ಕೇ.

ನನ್ನ ವಿಷಯ ಹೇಳಿಬಿಡುತ್ತೇನೆ. ಆಗ ಒಂಬತ್ತು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಪ್ರತಿ ಜೂನ್‌ನಲ್ಲಿ ನನ್ನನ್ನು ಹೊಸದಾಗಿ ಕಂಡುಹಿಡಿದವರ ಹಾಗೆ ಸಂದರ್ಶನ ಮಾಡುತ್ತಿದ್ದರು, ಮಾರ್ಚ್‌ನಲ್ಲಿ ಮರೆತುಬಿಡುತ್ತಿದ್ದರು. ಆ ಸಲ ಕೆಲಸ ಕಾಯಂ ಮಾಡುವ ಫೈಲು ಮೇಷ್ಟ್ರ ಮೇಜಿಗೆ ಬಂದಿತ್ತು. ಶನಿವಾರದೊಳಗೆ ಅವರ ಸಹಿ ಬೀಳಬೇಕು, ಬೀಳದಿದ್ದರೆ ಹುದ್ದೆಯೇ ರದ್ದು. ಆ ವಾರವೆಲ್ಲ ನಾನು ಅವರ ಜೋಕುಗಳಿಗೆ ಅವು ಮುಗಿಯುವ ಮೊದಲೇ ನಗುತ್ತಿದ್ದೆ.

ಸೋಮವಾರ ಉತ್ತರಪತ್ರಿಕೆಗಳು ಬಂದವು. ಇಪ್ಪತ್ತು ಅಂಕದ ಪ್ರಶ್ನೆ: ಕಾದಂಬರಿಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ? ಅರವತ್ತೊಂದು ಮಕ್ಕಳು ಗೈಡನ್ನು ಗಿಳಿಪಾಠದ ಹಾಗೆ ಒಪ್ಪಿಸಿದ್ದರು. ಅರವತ್ತೆರಡನೆಯವಳು, ಕೊನೆಯ ಬೆಂಚಿನಲ್ಲಿ ತುಟಿ ಪಿಟಕ್ ಅನ್ನದೆ ಕೂರುವ ಹುಡುಗಿ, ಬೇರೆಯೇ ಬರೆದಿದ್ದಳು. ಅಧಿಕಾರ ಮುದಿ ತಾಯಿಯದು. ದಿನಾ ಬೆಳಿಗ್ಗೆ ಯಜಮಾನ ಅವಳ ಮಂಚದ ಪಕ್ಕ ಮಣೆ ಹಾಕಿ ಕೂರುತ್ತಾನೆ. ಇವತ್ತು ಯಾರನ್ನು ಬೈಯಬೇಕು, ಯಾರನ್ನು ಕ್ಷಮಿಸಬೇಕು, ಬೈಯುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲವನ್ನೂ ಅವಳೇ ಹೇಳಿಕೊಡುತ್ತಾಳೆ. ಗಂಟಲು ಸರಿಮಾಡಿಕೊಳ್ಳುವುದನ್ನೂ ಅವಳೇ ಕಲಿಸಿದ್ದು. ಅವಳು ಸಾಯುವುದೂ ಇಲ್ಲ. ಬಿಸಿಲು ಚೆನ್ನಾಗಿ ಬರುತ್ತದೆಂದು ಮಹಡಿಯ ಕೋಣೆಗೆ ಹೋಗುತ್ತಾಳೆ, ಮಂಚ ಖಾಲಿಯಾಗಿದ್ದು ಅದಕ್ಕೆ.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಕೆಳಗೆ ಸೊನ್ನೆ ಸುತ್ತಿದರು. ಪುಸ್ತಕದಲ್ಲಿ ಇಲ್ಲದ್ದನ್ನು ಹೊಸೆದಿದ್ದಾಳೆ, ಇಂಥವರು ಒಂದು ವರ್ಷ ಕೂತರೇ ಬುದ್ಧಿ ಬರುವುದು ಎಂದರು. ಸೊನ್ನೆ ಬಿದ್ದರೆ ಅವಳು ಫೇಲು. ನಾನು ಹೂಂ ಅಂದೆ. ಆದರೆ ಆ ಗಂಟಲು ಸರಿಮಾಡಿಕೊಳ್ಳುವ ಮಾತು ನನ್ನನ್ನು ಬಿಡಲಿಲ್ಲ. ಅಷ್ಟು ಸಣ್ಣ ವಿವರವನ್ನು ಯಾರೂ ಪರೀಕ್ಷೆಯ ಗಡಿಬಿಡಿಯಲ್ಲಿ ಹೊಸೆಯುವುದಿಲ್ಲ.

ಹುಡುಗಿಯನ್ನು ಕರೆಸಿ ಕೇಳಿದೆ. ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುಚುತ್ತ ನಿಂತಿದ್ದವಳು ಕೊನೆಗೆ ಬಾಯಿಬಿಟ್ಟಳು. ಅವಳಪ್ಪ ಪುಸ್ತಕದ ಬೈಂಡಿಂಗ್ ಕೆಲಸದವನು. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಗ್ರಂಥಾಲಯದ ಪ್ರತಿಯನ್ನು ಬಿಚ್ಚಿ ಹೊಲಿದದ್ದು ಅವನೇ. ಪುಸ್ತಕ ಕೊಟ್ಟು ತಿಂಗಳಾದ ಮೇಲೆ ಪುಸ್ತಕ ಒತ್ತಿಡುವ ಹಲಗೆಯ ಕೆಳಗೆ ನಲವತ್ತು ಪುಟ ಉಳಿದಿರುವುದು ಕಂಡಿತಂತೆ. ವಾಪಸು ಒಯ್ದರೆ ಕಾಲೇಜಿನ ಕೆಲಸ ಕೈತಪ್ಪುತ್ತದೆಂದು ಹೆದರಿ, ಅಷ್ಟನ್ನೇ ರಟ್ಟು ಹಾಕಿ ಹೊಲಿದು ಮನೆಯಲ್ಲಿಟ್ಟ. ಮಗಳು ಓದಲು ಕಲಿತದ್ದೇ ಅದರಲ್ಲಿ. ಕಾದಂಬರಿ ಎಂದರೆ ಆ ನಲವತ್ತು ಪುಟ ಅಷ್ಟೇ ಎಂದು ಅವಳು ಹತ್ತನೇ ವಯಸ್ಸಿನವರೆಗೂ ತಿಳಿದಿದ್ದಳು. ಮಾರನೇ ದಿನ ಆ ಪುಟ್ಟ ಪುಸ್ತಕವನ್ನು ತಂದು ನನ್ನ ಕೈಗಿಟ್ಟಳು. ಅಪ್ಪನ ಹೆಸರು ಹೇಳಬೇಡಿ ಎಂದು ಮಾತ್ರ ಕೇಳಿಕೊಂಡಳು.

ಸಂಜೆ ಅದನ್ನು ಮನೆಯಲ್ಲಿ ಅತ್ತೆಗೆ ಓದಿ ಹೇಳಿದೆ. ನಮ್ಮ ಅತ್ತೆ ಆರಾಮಕುರ್ಚಿ ಬಿಟ್ಟು ಏಳುವುದಿಲ್ಲ, ಹಾಗಿದ್ದೂ ಮನೆಯಲ್ಲಿ ಒಂದು ಲೋಟ ಅವರಿಗೆ ಗೊತ್ತಿಲ್ಲದೆ ಜಾಗ ಬದಲಿಸುವುದಿಲ್ಲ. ನನ್ನ ಗಂಡ ಮಾತ್ರ ಎಲ್ಲ ತೀರ್ಮಾನವೂ ತನ್ನದೇ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಾರೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದನ್ನು ಬರೆದವರು ನಮ್ಮ ಮನೆಗೆ ಬಂದು ಹೋಗಿರಬೇಕು ಅಂದರು. ಹೇಳಿಬಿಡುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದು ನಾನು ಕುಣಿದಾಗ ಅವರ ನಗು ನಿಂತಿತು.

“ಮೊದಲು ಸಹಿ ಹಾಕಿಸ್ಕೊಳೇ. ಆಮೇಲೆ ಎಷ್ಟು ಬೇಕಾದ್ರೂ ಮಾತಾಡು.”

ಗುರುವಾರ ಮೇಷ್ಟ್ರ ಕೋಣೆಗೆ ಹೋಗಿ ಪುಸ್ತಕವನ್ನು ಫೈಲಿನ ಪಕ್ಕದಲ್ಲೇ ಇಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ಅವರು ಬಾಗಿಲು ಮುಂದೆ ಮಾಡಿಸಿ ಓದತೊಡಗಿದರು. ಒಂದು ಗಂಟೆ ನಿಂತೇ ಇದ್ದೆ, ಕೂರಿ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಓದುತ್ತ ಓದುತ್ತ ಮುಖ ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು. ನಿಜ ಹೇಳುತ್ತೇನೆ, ಪಾಪ ಅನ್ನಿಸಿತು. ಪ್ರತಿದಿನ ನನ್ನ ತಲೆ ತಿಂದ ಮನುಷ್ಯ, ಆದರೂ.

“ಇಪ್ಪತ್ತೆರಡು ವರ್ಷ ಅಮ್ಮಾ, ಆ ಮೌನಾನೇ ಹೇಳ್ಕೊಂಡು ಬಂದಿದೀನಿ,” ಎಂದರು ಕೊನೆಗೆ. “ರಿಟೈರ್ ಆಗೋಕೆ ಇನ್ನು ಒಂದೂವರೆ ವರ್ಷ ಇದೆ.”

ಅವರು ನನ್ನ ಮುಖ ನೋಡಿದರು, ಫೈಲು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆ ಒಂದು ಗಳಿಗೆ ಬಾಣ ತಿರುಗಿತ್ತು, ಇಬ್ಬರಿಗೂ ಅದು ಗೊತ್ತಿತ್ತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಶನಿವಾರದವರೆಗೆ ಯಾಕೆ ಕಾಯಬೇಕು ಎಂದರು.

ದಾರಿಯುದ್ದಕ್ಕೂ ಎಷ್ಟು ಭಾಷಣ ಉರುಹೊಡೆದು ಬಂದಿದ್ದೆ. ಈಗ ಸಹಿಯ ಜಾಗದ ಮೇಲೆ ನಿಂತ ಪೆನ್ನನ್ನೇ ನೋಡಿದೆ.

“ಹುಡುಗಿ ಪಾಸಾಗಬೇಕು ಸಾರ್,” ಎಂದೆ.

ಧಾರಾಳವಾಗಿ ಆಗಲಿ ಎಂದು ಸೊನ್ನೆಯನ್ನು ಎಂಟು ಮಾಡಿದರು. ಸೊನ್ನೆಯ ತಲೆಯ ಮೇಲೆ ಇನ್ನೊಂದು ಸೊನ್ನೆ ಕೂರಿಸಿದರೆ ಎಂಟಾಗುತ್ತದೆ, ದೊಡ್ಡ ಕಷ್ಟವೇನಿಲ್ಲ. ಫೈಲಿಗೆ ಸಹಿ ಹಾಕಿದರು. ಪುಟ್ಟ ಪುಸ್ತಕವನ್ನು ತಮ್ಮ ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು.

ಹುಡುಗಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಪಾಸಾಗಿದ್ದೀಯ ಎಂದೆ, ಅಪ್ಪನ ಹೆಸರು ಬರಲಿಲ್ಲ ಎಂದೆ. ಅವಳ ಕಣ್ಣು ನನ್ನ ಖಾಲಿ ಕೈಯ ಮೇಲಿತ್ತು. ಪುಸ್ತಕ ಎಲ್ಲಿ ಎಂದು ಕೇಳಿದಳು. ಸಾರ್ ಹತ್ತಿರ ಭದ್ರವಾಗಿದೆ ಎಂದೆ. ಅವಳು ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

“ಆ ಅಜ್ಜಿ ನಲವತ್ತು ಪುಟ ಮಾತಾಡಿದಾಳೆ ಮಿಸ್. ನೀವು ಒಳಗೆ ಎಷ್ಟು ಮಾತಾಡಿದ್ರಿ?”

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮೂರು ಪದ. ಅದರಲ್ಲಿ ಒಂದು ‘ಸಾರ್’. ಕಾಯಂ ಆದ ದಿನ ಯಾರಾದರೂ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆಯೇ? ನಾನು ಅತ್ತುಬಿಟ್ಟೆ.

ಇದೆಲ್ಲ ಎರಡು ವರ್ಷದ ಹಿಂದಿನ ಮಾತು. ಹುಡುಗಿ ಓದು ಮುಗಿಸಿ ಹೋದಳು, ಒಮ್ಮೆಯೂ ತಿರುಗಿ ಬರಲಿಲ್ಲ. ಮೇಷ್ಟ್ರು ಹಾರ ಹಾಕಿಸಿಕೊಂಡು ನಿವೃತ್ತರಾದರು, ಹೋಗುವಾಗ ಬೀರುವಿನ ಕೀಲಿಯನ್ನು ನನ್ನ ಕೈಗಿಟ್ಟು, ಕೈಯನ್ನು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದರು. ಈಗ ವಿಭಾಗದ ಮುಖ್ಯಸ್ಥೆ ನಾನು. ಚಾರ್ಟಿಗೆ ಹೊಸ ಬಣ್ಣ ಹೊಡೆಸಿದ್ದೇನೆ. ಗೈಡಿನ ಒಂಬತ್ತನೇ ಮುದ್ರಣಕ್ಕೆ ಮುನ್ನುಡಿ ನನ್ನದು. ತರಗತಿಯಲ್ಲಿ ‘ಅಮ್ಮ ಬಾಯಿ ತೆರೆದಳು’ ಎಂದು ಓದಿ, ಪುಸ್ತಕ ಮುಚ್ಚಿ, ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಮಕ್ಕಳ ಮೈ ಜುಮ್ಮೆನ್ನುತ್ತದಂತೆ. ಬಾಣದ ಮೇಷ್ಟ್ರಿಗೂ ಆ ಮೌನ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ಹಳೇ ವಿದ್ಯಾರ್ಥಿಗಳು ಹೊಗಳುತ್ತಾರೆ.

ನಿನ್ನೆ ಸಂಜೆ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಾಗ ಅತ್ತೆ ಆರಾಮಕುರ್ಚಿಯಿಂದಲೇ ಕೇಳಿದರು.

“ಸಹಿ ಆಯ್ತು, ಕೀಲೀನೂ ಬಂತು. ಎಲ್ಲರ ಮುಂದೆ ಹೇಳ್ತೀನಿ ಅಂತಿದ್ಯಲ್ಲ?”

ನಾನು ಬಾಯಿ ತೆರೆದೆ. ಊಟಕ್ಕೆ ಏಳಿ ಅತ್ತೆ, ಆರಿಹೋಗುತ್ತೆ ಅಂದೆ.