ಚುಚ್ಚಿ ನೋಡುವ ಕೈ

ಬಾಯಿಮಾತಿಗೆ ಯಾರನ್ನೂ ನಂಬುವವನಲ್ಲ ನಾನು. ಬಂಕಾಪುರದಲ್ಲಿ ನಲವತ್ತು ವರ್ಷ ಗೋವಿನಜೋಳ, ಮೆಣಸಿನಕಾಯಿ ವ್ಯಾಪಾರ ಮಾಡಿದವನಿಗೆ ಈ ಚಟ ಸಾಯುವ ತನಕ ಬಿಡುವುದಿಲ್ಲ. ಚೀಲದ ಬಾಯಲ್ಲಿ ಬಂಗಾರದಂಥ ಕಾಳು, ಹೊಟ್ಟೆಯಲ್ಲಿ ಬೂಸಲು ಹಿಡಿದದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಸ್ವಂತ ಭಾವಮೈದುನ ಚೀಲ ತಂದು ಇಳಿಸಿದರೂ ನಾನು ಮೊದಲು ಗೋಡೆಗೆ ತೂಗುಹಾಕಿದ ಚೂಪುತುದಿಯ ಕಬ್ಬಿಣದ ಕೊಳವೆ ತೆಗೆಯುತ್ತೇನೆ. ಅದನ್ನು ಚೀಲಕ್ಕೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತೇನೆ. ನೋಡಿಯಾದ ಮೇಲೆ ಅದೇ ತುದಿಯಿಂದ ಚೀಲದ ಎಳೆಗಳನ್ನು ಅತ್ತಿತ್ತ ಕೆರೆದರೆ ತೂತು ಮುಚ್ಚಿಹೋಗುತ್ತದೆ.

ಹಾಗಾಗಿ ಮಗ ಲೋಹಿತ ನಮ್ಮ ಅಂಗಳದಲ್ಲಿ ಕಾರಿನ ಹೊಟ್ಟೆ ಬಿಚ್ಚಲು ಕುಳಿತಾಗ ನಾನೂ ಕುರ್ಚಿ ಹಾಕಿಕೊಂಡು ಕುಳಿತೆ.

ಕಾರು ಸೆಕೆಂಡ್ ಹ್ಯಾಂಡ್, ಡೀಸೆಲ್, ಟರ್ಬೊ ಇರುವಂಥದ್ದು. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಲೋಹಿತನಿಗೂ ಅವನ ಗೆಳೆಯ ಅಕೀಬನಿಗೂ ಅದು ಸಾಲದು. ಪುಣೆಯಿಂದ ಕೊರಿಯರ್‌ನಲ್ಲಿ ಒಂದು ಪೈಪು ತರಿಸಿದ್ದರು. ಟರ್ಬೊದಿಂದ ಹೊಗೆ ಹೊರಬೀಳುವ ಜಾಗಕ್ಕೆ ಕಂಪನಿ ಕೊಟ್ಟ ಸಣ್ಣ ಪೈಪು ತೆಗೆದು ಈ ದೊಡ್ಡದನ್ನು ಕೂಡಿಸಬೇಕಂತೆ.

"ಹೊಗಿ ಹೋಗೂ ದಾರಿ ಸಣ್ಣದೈತಿ ಅಪ್ಪಾ," ಎಂದ ಲೋಹಿತ. "ಟರ್ಬೊ ಉಸರ ಕಟ್ಟಿಕೊಂಡು ಓಡಾಕತ್ತೈತಿ. ದಾರಿ ದೊಡ್ಡದು ಮಾಡಿದ್ರ ಗಾಡಿ ಹಗುರ ಆಗ್ತೈತಿ."

"ಹಂಗಿದ್ರ ಕಂಪನಿಯವರೇನು ಹುಚ್ಚರನು, ಸಣ್ಣದು ಹಾಕಿ ಕೊಡಾಕ?"

ಅದಕ್ಕೆ ಅಕೀಬ ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಅಕೀಬ ಸವಣೂರಿನವನು. ಅವನ ತಂದೆ ಅಲ್ಲಿನ ಮಾರುಕಟ್ಟೆಯಲ್ಲಿ ಹಮಾಲ. ನನ್ನ ಚೀಲಗಳನ್ನೂ ಎಷ್ಟೋ ವರ್ಷ ಹೊತ್ತಿದ್ದ. ಹುಡುಗ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದ್ದಾನೆ. ಈಗ ಇವರಿಬ್ಬರಿಗೂ ಸೇರಿ ವರ್ಕ್‌ಶಾಪು ತೆರೆಯುವ ಆಸೆ. ಅದಕ್ಕೆ ಬೇಕಾದದ್ದು ಸವಣೂರು ರಸ್ತೆಗಿರುವ ನನ್ನ ಖಾಲಿ ಗೋದಾಮು. ಒಂದು ವರ್ಷದಿಂದ ಲೋಹಿತ ಆ ಬೀಗದ ಕೈಗಾಗಿ ನನ್ನ ಬೆನ್ನು ಹತ್ತಿದ್ದ. ಕೊನೆಗೆ ನಾನೊಂದು ಮಾತು ಹೇಳಿದ್ದೆ: ಈ ಪೈಪಿನ ಕೆಲಸ ನನ್ನ ಕಣ್ಣೆದುರೇ ಆಗಲಿ. ಗಾಡಿ ನಮ್ಮನ್ನೆಲ್ಲ ಕೂರಿಸಿಕೊಂಡು ಸವಣೂರಿನಾಚೆಯ ಯಲವಿಗಿ ರೈಲು ಸ್ಟೇಷನ್ನಿನ ತನಕ ಹೋಗಿ ತಕರಾರಿಲ್ಲದೆ ತಿರುಗಿ ಬಂದರೆ ಬೀಗದ ಕೈ ನಿಮ್ಮದು. ತಕರಾರು ಬಂದರೆ ಈ ಜನ್ಮದಲ್ಲಿ ಗೋದಾಮಿನ ಮಾತು ಎತ್ತಬಾರದು.

"ಆತ್ರಿ ಕಾಕಾ," ಎಂದಿದ್ದ ಅಕೀಬ, ಯೋಚನೆ ಕೂಡ ಮಾಡದೆ. ಅಷ್ಟು ಬೇಗ ಒಪ್ಪಿದವನ ಮೇಲೆ ಯಾರಿಗಾದರೂ ಅನುಮಾನ ಬರಲೇಬೇಕು.

ಗುರುವಾರ ಸಂಜೆಯೇ ಬಂದು ಕಾರಿನ ಕೆಳಗೆ ಮಲಗಿ ಬೋಲ್ಟುಗಳಿಗೆಲ್ಲ ಎಣ್ಣೆ ಹೊಡೆದು ಹೋದ. ಕೆಲಸ ನಾಳೆ, ಇವತ್ತೇ ಯಾಕೆ ಎಣ್ಣೆ? ಕೇಳಿದರೆ, "ಬಿಸಿಗೆ ಹಿಡಕೊಂಡಿರ್ತಾವ್ರಿ, ರಾತ್ರಿ ನೆನೀಲಿ. ಇಲ್ಲಂದ್ರ ಮುರಿತಾವ," ಎಂದ. ಶುಕ್ರವಾರ ಮುಂಜಾನೆ ಕಾರನ್ನು ಜಾಕಿನಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ. ನಾನು ತಂದುಕೊಟ್ಟ ಕಲ್ಲನ್ನು ಬೇಡ ಎಂದ, ಒಡೆಯುತ್ತದಂತೆ. ಬಿಚ್ಚಿದ ಬೋಲ್ಟುಗಳನ್ನು ಒಂದು ಸ್ಟೀಲ್ ತಾಟಿನಲ್ಲಿ ಸಾಲಾಗಿ ಇಟ್ಟ. ನಾನು ಎಣಿಸಿದೆ. ಅವನು ಆಚೆ ತಿರುಗಿದಾಗ ಇನ್ನೊಮ್ಮೆ ಎಣಿಸಿದೆ. ಸರಿಯಾಗಿಯೇ ಇದ್ದವು, ಆದರೂ ಸಮಾಧಾನ ಆಗಲಿಲ್ಲ.

ಚಹಾ ತಂದ ನನ್ನ ಹೆಂಡತಿ ನೀಲಾಂಬಿಕಾ ನನ್ನನ್ನು ನೋಡಿ ನಕ್ಕಳು. "ಹೆಣ್ಣ ನೋಡಾಕ ಬಂದ ಬೀಗರಂಗ ಕುಂತೀರಲ್ರಿ. ಆ ಹುಡುಗ್ರ ಕೈ ನಡೀಬೇಕೋ ಬ್ಯಾಡೋ?"

"ನೀ ಸುಮ್ಕಿರು. ಹಳೀ ಪೈಪ ಎಲ್ಲಿ ಇಟ್ಟಾನ ನೋಡು."

ಹಳೆಯ ಪೈಪನ್ನು ಅಕೀಬ ಗೋಣಿಚೀಲದಲ್ಲಿ ಸುತ್ತಿ ತನ್ನ ಚೀಲದ ಪಕ್ಕ ಇಟ್ಟಿದ್ದ. ನಾನು ಗಂಟಲು ಸರಿಮಾಡಿಕೊಂಡದ್ದೇ ತಡ, ಅವನೇ ಅದನ್ನು ಎತ್ತಿ ನನ್ನ ಕುರ್ಚಿಯ ಕೆಳಗೆ ತಂದಿಟ್ಟ. "ಜ್ವಾಪಾನ ಇರ್ಲಿ ಕಾಕಾ. ಹೊಸಾದು ಒಗ್ಗಲಿಲ್ಲಂದ್ರ ಇದನ್ನ ಮತ್ತ ಹಾಕಬೇಕಾಕ್ಕೈತಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೇಳುವ ಮೊದಲೇ ಯಾಕೆ ತಂದುಕೊಟ್ಟ?

ಮಧ್ಯಾಹ್ನ ನಮಾಜಿನ ಹೊತ್ತಾಯಿತು. ಲೋಹಿತ ಅವನನ್ನು ಬೈಕಿನಲ್ಲಿ ಮಸೀದಿಗೆ ಬಿಡಲು ಹೋದ. ನೀಲಾಂಬಿಕಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ನಾನು ಮತ್ತು ಹೊಸ ಪೈಪು ಇಬ್ಬರೇ.

ಎತ್ತಿ ನೋಡಿದೆ. ಎರಡೂ ತುದಿ ಗಟ್ಟಿಮುಟ್ಟು, ಫಳಫಳ ಹೊಳೆಯುತ್ತಿತ್ತು. ನಡುವೆ ಮಾತ್ರ ಗೇಣಿನಷ್ಟು ಜಾಗ ತಂತಿಯಲ್ಲಿ ಹೆಣೆದ ಜಾಳಿಗೆಯ ಹಾಗೆ, ಹಿಡಿದರೆ ಬಗ್ಗುತ್ತಿತ್ತು. ಇಂಜಿನ್ ಅಲುಗಾಡಿದರೆ ಪೈಪು ಸೀಳಬಾರದೆಂದು ಹಾಗೆ ಮಾಡಿರುತ್ತಾರೆ ಎಂದು ಅಕೀಬ ಮುಂಜಾನೆ ಹೇಳಿದ್ದ. ಹೇಳಿದ್ದ, ಸರಿ. ಜಾಳಿಗೆಯ ಒಳಗೆ ಏನಿದೆ ಎಂದು ಕಂಡವರು ಯಾರು? ಮೇಲೆ ಹೊಳಪು, ಒಳಗೆ ಬೂಸಲು. ನನ್ನ ಕಾಲು ತಾನಾಗಿಯೇ ಪಡಸಾಲೆಗೆ ನಡೆಯಿತು. ಗೋಡೆಯ ಮೇಲಿನ ಕೊಳವೆ ತೆಗೆದುಕೊಂಡು ಬಂದೆ. ಮುಂಜಾನೆಯಷ್ಟೇ ಪಕ್ಕದ ಮನೆಯವರ ಗೋವಿನಜೋಳ ನೋಡಿಕೊಟ್ಟಿದ್ದೆ.

ತಂತಿಗಳ ನಡುವೆ ತುದಿ ಇಟ್ಟು ಒತ್ತಿದೆ. ಹೋಗಲಿಲ್ಲ. ಅಂಗೈಯಿಂದ ಒಂದು ಗುದ್ದು ಹಾಕಿದೆ. ಟಪ್ ಎಂದು ಒಳಗೆ ಹೋಯಿತು.

ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಒಳಗಿರುವುದು ತಗಡು, ಕಾಗದದಂಥ ತಗಡು. ನನ್ನ ಅನುಮಾನ ಖರೆಯಾಯಿತು. ಇದನ್ನು ಹಾಕಿ ನನ್ನ ಮಗನಿಗೆ ಟೋಪಿ ಹಾಕಲು ಹೊರಟಿದ್ದಾನೆ, ಹಾಕಲಿ, ಯಲವಿಗಿಯ ತನಕ ನೋಡೋಣ ಎಂದುಕೊಂಡೆ. ಕೊಳವೆ ಹೊರಗೆ ಎಳೆದು ತಂತಿಯ ಎಳೆಗಳನ್ನು ಅದರ ತುದಿಯಿಂದಲೇ ಅತ್ತಿತ್ತ ಕೆರೆದು ಕೂಡಿಸಿದೆ. ಚುಚ್ಚಿದ ಗುರುತೇ ಉಳಿಯಲಿಲ್ಲ. ನಾನು ಏನನ್ನಾದರೂ ಕೆಡಿಸಿದೆ ಎಂದು ಮನಸ್ಸಿಗೆ ಹೊಳೆಯಲೂ ಇಲ್ಲ. ಸಾವಿರಾರು ಚೀಲ ಚುಚ್ಚಿದ್ದೇನೆ, ಚುಚ್ಚಿದ್ದರಿಂದ ಒಂದು ಚೀಲವೂ ಕೆಟ್ಟಿಲ್ಲ.

ಅವರು ಬಂದು ಊಟ ಮಾಡಿ ಪೈಪು ಕೂಡಿಸಿದರು. ನಡುವೆ ಹೊಸ ಗ್ಯಾಸ್ಕೆಟ್, ಒಂದಾದ ಮೇಲೊಂದು ಬೋಲ್ಟು, ಅಕೀಬ ಒಂದೊಂದನ್ನೂ ಎರಡೆರಡು ಸಲ ಬಿಗಿದ. ನಾಲ್ಕು ಗಂಟೆಗೆ ಲೋಹಿತ ಚಾವಿ ತಿರುವಿದ. ಕಾರು ಗುರ್ ಎಂದದ್ದಕ್ಕೆ ಊರ ಕೋಟೆಯಲ್ಲಿರುವ ನವಿಲುಗಳೆಲ್ಲ ಒಮ್ಮೆಲೇ ಕೂಗಿದವು. ಹುಡುಗರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಹೊರಟೆವು. ಲೋಹಿತ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ನೀಲಾಂಬಿಕಾ ಮತ್ತು ಅಕೀಬ. ಗಾಡಿ ನಿಜಕ್ಕೂ ಹಗುರವಾಗಿ ಓಡುತ್ತಿತ್ತು, ಅದು ನನಗೆ ಇಷ್ಟವಾಗಲಿಲ್ಲ. ಸವಣೂರು ಸಮೀಪಿಸುವಾಗ ಹುರಿದ ಗೋವಿನಜೋಳದ ವಾಸನೆ ಬಂತು. ರಸ್ತೆ ಬದಿ ಯಾರೋ ತೆನೆ ಸುಡುತ್ತಿರಬೇಕು ಎಂದುಕೊಂಡೆ. ಸವಣೂರು ದಾಟಿದ ಮೇಲೆ ಮುಂದಿನಿಂದ ಚುಸ್ ಚುಸ್ ಎಂದು ಸದ್ದು ಶುರುವಾಯಿತು, ಗಾಡಿ ವೇಗ ಹಿಡಿದಷ್ಟೂ ಜೋರು. ಆಮೇಲೆ ಎಸಿಯ ಗಾಳಿಯಲ್ಲೇ ಹೊಗೆಯ ನಾತ.

"ತಲಿ ತಿರಗಾಕತ್ತೈತಿ," ಎಂದಳು ನೀಲಾಂಬಿಕಾ.

ಅಕೀಬ ತಕ್ಷಣ ಎಲ್ಲ ಗಾಜು ಇಳಿಸಿ, ಗಾಡಿ ನಿಲ್ಲಿಸು ಎಂದ. ಯಲವಿಗಿ ಸ್ಟೇಷನ್ನಿನ ಮುಂದೆ ನಿಲ್ಲಿಸಿದೆವು. ಅವಳು ಬೇವಿನ ಮರದ ಬುಡದಲ್ಲಿ ಕುಳಿತು ವಾಂತಿ ಮಾಡಿದಳು. ಅವಳ ಮುಖ ಬಿಳಚಿಕೊಂಡದ್ದನ್ನು ಕಂಡು ನನಗೆ ಭಯವಾಯಿತು, ಭಯ ಸಿಟ್ಟಾಯಿತು. ಅಕೀಬ ಅವಳಿಗೆ ನೀರು ಕುಡಿಸುತ್ತಿದ್ದ. ಅವನ ಕೈಯಿಂದ ಬಾಟಲಿ ಕಿತ್ತುಕೊಂಡೆ.

"ತಗಡು ಹಚ್ಚಿ ಮೋಸ ಮಾಡೀದಿ. ನನ್ನ ಹೆಂಡ್ತೀನ ಕೊಲ್ಲಾಕ ಹೊಂಟಿದ್ದಿ."

"ಅಪ್ಪಾ, ಬಾಯಿ ಮುಚ್ಚು," ಎಂದ ಲೋಹಿತ. ಮಗ ನನಗೆ ಹಾಗೆ ಅಂದದ್ದು ಅದೇ ಮೊದಲು.

"ಪೈಪ ಛಲೋನ ಐತ್ರಿ ಕಾಕಾ," ಎಂದ ಅಕೀಬ, ಧ್ವನಿ ಏರಿಸದೆ. "ಎಲ್ಲೋ ಸೋರಾಕತ್ತೈತಿ. ಆರಿದ ಮ್ಯಾಲೆ ಬಿಚ್ಚಿ ನೋಡ್ತೇನಿ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ರೈಲಿಗೆ ಕಾಯುತ್ತಿದ್ದ ಜನ ಸುತ್ತ ಸೇರಿದ್ದರು, ಜನ ಸೇರಿದರೆ ನನ್ನ ನಾಲಿಗೆ ಇನ್ನೂ ಉದ್ದವಾಗುತ್ತದೆ. "ನಿಮ್ಮಪ್ಪನೂ ಹಿಂಗ ಇದ್ದ," ಎಂದೆ. "ಚೀಲ ಹೊರೂದು, ದಾರ್‍ಯಾಗ ಕಾಳು ಉದುರಿಸಿ ಉಡ್ಯಾಗ ಕಟಗೊಳ್ಳೂದು."

ಅವನ ತಂದೆ ಒಂದು ಕಾಳನ್ನೂ ಮುಟ್ಟಿದವನಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕೀಬ ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಕಾರಿನ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿದ.

ನೀಲಾಂಬಿಕಾಳನ್ನು ಬಸ್ಸಿನಲ್ಲಿ ಕರೆದುಕೊಂಡು ನಾನು ಮನೆಗೆ ಬಂದೆ. ದಾರಿಯಲ್ಲಿ ಅವಳಿಗೆ ಸರಿಹೋಯಿತು, ಆದರೆ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕುಳಿತಳು. ಹುಡುಗರು ಗಾಜುಗಳನ್ನೆಲ್ಲ ಇಳಿಸಿ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಬಂದರು. ಮರುದಿನ ಮುಂಜಾನೆ ಅಕೀಬ ಮತ್ತೆ ಅಂಗಳಕ್ಕೆ ಬಂದ. ಅಷ್ಟು ಅನಿಸಿಕೊಂಡವನು ಯಾಕೆ ಬಂದ? ತನ್ನ ಕಳ್ಳತನದ ಗುರುತು ಅಳಿಸಲು ಬಂದಿದ್ದಾನೆ ಎಂದುಕೊಂಡು ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

ಪೈಪು ಬಿಚ್ಚಿ ತಂದು ಕಟ್ಟೆಯ ಮೇಲಿಟ್ಟ. ಜಾಳಿಗೆಯ ಮೇಲೆ ಒಂದು ಕಡೆ ಮಸಿ ಕಟ್ಟಿತ್ತು. ಅಲ್ಲಿ ಉಗುರಿನಿಂದ ತಂತಿಗಳನ್ನು ಸರಿಸಿದ. ನಂತರ ಪೈಪನ್ನು ಬೋರಲು ಹಾಕಿ ತಟ್ಟಿದ. ಅವನ ಅಂಗೈಗೆ ಏನೋ ಬಿತ್ತು, ಮುಷ್ಟಿ ಮುಚ್ಚಿ ಅದನ್ನು ಕಿಸೆಗೆ ಹಾಕಿಕೊಂಡ. ಅವನ ಕಣ್ಣು ಪಡಸಾಲೆಯ ಗೋಡೆಗೆ ಹೋಯಿತು. ಅಲ್ಲಿ ನನ್ನ ಕೊಳವೆ ತೂಗುತ್ತಿತ್ತು.

ಆ ಕ್ಷಣದವರೆಗೂ, ದೇವರಾಣೆ, ಪೈಪು ಸೋರಿದ್ದು ನನ್ನ ಕೈಯಿಂದಲೇ ಎಂದು ನನಗೆ ತಿಳಿದಿರಲಿಲ್ಲ.

"ಏನಾಗೇತೋ?" ಎಂದು ಕೇಳಿದ ಲೋಹಿತ.

"ನಡುವಿಂದು ತೂತು ಬಿದ್ದೈತಿ," ಎಂದ ಅಕೀಬ. "ಹಾಕೂ ಮೊದ್ಲ ನಾನು ನೋಡಬೇಕಾಗಿತ್ತು. ತಪ್ಪು ನಂದ."

ಲೋಹಿತನ ಮುಖ ಇಳಿದುಹೋಯಿತು. ಅವನು ನನ್ನ ಕಡೆ ನೋಡಲೂ ಇಲ್ಲ, ಗೋದಾಮಿನ ಮಾತು ಮುಗಿಯಿತೆಂದು ಒಳಗೆ ನಡೆದುಬಿಟ್ಟ. ಇಬ್ಬರೂ ಸೇರಿ ಹಳೆಯ ಪೈಪು ಹಾಕುವುದಿತ್ತು, ಅಕೀಬ ಒಬ್ಬನೇ ಹಾಕಿದ. ನಾನು ಅಲ್ಲಿಯೇ ಕುಳಿತಿದ್ದೆ. ಈಗಲೂ ನನ್ನ ಬುದ್ಧಿ ಹೋದದ್ದು ಒಂದೇ ಕಡೆ: ಗೊತ್ತಿದ್ದೂ ಸುಮ್ಮನಿದ್ದಾನೆಂದರೆ ಏನೋ ಬೇಕಾಗಿದೆ ಇವನಿಗೆ. ಬೇಕಾದದ್ದು ಏನೆಂದೂ ನನಗೆ ಗೊತ್ತಿತ್ತು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಗೋದಾಮಿನ ಬೀಗದ ಕೈ ತೆಗೆದುಕೊಂಡು ಗೇಟಿನ ತನಕ ಹೋದೆ.

"ತಗೋ ತಮ್ಮಾ. ಲೋಹಿತಗ ಏನೂ ಹೇಳಬ್ಯಾಡ."

ಅವನು ಬೀಗದ ಕೈ ಮುಟ್ಟಲಿಲ್ಲ. ಕಿಸೆಯಲ್ಲಿಟ್ಟಿದ್ದನ್ನು ತೆಗೆದು ನನ್ನ ಅಂಗೈಗೆ ಸುರಿದ. ಸುಟ್ಟು ಕರಿದಾದ ಎರಡು ಗೋವಿನಜೋಳದ ಕಾಳು, ನನ್ನ ಕೊಳವೆಯಿಂದ ಉದುರಿದವು.

"ಚುಚ್ಚಿ, ಎಳಿ ಕೂಡಿಸಿ ಕೆರ್‍ಯೂದು ನಾ ಸಣ್ಣಾವಿದ್ದಾಗಿಂದ ನೋಡೇನ್ರಿ," ಎಂದ. "ನಮ್ಮಪ್ಪ ಹೊರೂ ಚೀಲಾನ ನೀವು ಚುಚ್ಚುತಿದ್ರಿ. ಅಂವಾ ಹೇಳ್ತಿದ್ದ, ಸಾವಕಾರ್ರು ಚೀಲಾ ಅಷ್ಟ ಚುಚ್ಚತಾರ, ಮನಷ್ಯಾರ್ನ ಚುಚ್ಚೂದಿಲ್ಲ ಅಂತ."

"ನಾ ಬೇಕಂತ ಮಾಡಿಲ್ಲೋ."

"ಗೊತ್ತೈತ್ರಿ. ಲೋಹಿತನ ಮುಂದ ನಿಮ್ಮ ಮಾನ ಹೋಗೂದು ಬ್ಯಾಡಂತ ಸುಮ್ಮನಾದೆ. ಕೀಲಿಕೈ ಸಲುವಾಗಿ ಅಲ್ಲ. ಆ ಗೋದಾಮಿನ್ಯಾಗ ನನ್ನ ಕಡಿಂದ ಕೆಲಸ ಆಗೂದಿಲ್ರಿ ಕಾಕಾ. ನಮಾಜಿಗೆ ಹೋಗಿ ಬರೂದ್ರಾಗ ಯಾವುದಕ್ಕ ಚುಚ್ಚಿರ್ತೀರೋ ಅಂತ ದಿನಾ ಹುಡುಕ್ಕೋತ ಕುಂದ್ರಬೇಕಾಕ್ಕೈತಿ."

ನಮಸ್ಕಾರ ಮಾಡಿ ತನ್ನ ಬೈಕು ಹತ್ತಿ ಹೋದ. ನನಗೆ ಎರಡು ಬೈಗುಳ ಬೈದಿದ್ದರೆ ಅದನ್ನು ಹಿಡಿದುಕೊಂಡಾದರೂ ಮನೆಯೊಳಗೆ ಹೋಗುತ್ತಿದ್ದೆ.

ಹಿಂದೆ ಚಪ್ಪಲಿಯ ಸದ್ದಾಯಿತು. ಲೋಹಿತ ಬಂದು ನಿಂತಿದ್ದ. "ಏನಂದ ಅಂವಾ?"

ನಾನು ಅರಿವಿಲ್ಲದೆ ಮುಷ್ಟಿ ಮುಚ್ಚಿದ್ದೆ. ಹೆಗಲು ಮುಟ್ಟಿ ನೋಡಿಕೊಂಡವನು ಕೊನೆಗೆ ನಾನೇ ಆದೆ. ಏನೂ ಇಲ್ಲ ಎಂದರೆ ಮುಗಿಯುತ್ತಿತ್ತು, ಅಕೀಬ ಯಾವತ್ತೂ ಬಾಯಿಬಿಡುತ್ತಿರಲಿಲ್ಲ. ಒಬ್ಬನ ಮಾತನ್ನು ಹಾಗೆ ಪೂರ್ತಿ ನಂಬಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಮುಷ್ಟಿ ಬಿಚ್ಚಿ ಮಗನ ಮುಂದೆ ಹಿಡಿದೆ. "ಪೈಪಿನ್ಯಾಗ ಸಿಕ್ಕಾವ," ಎಂದೆ. "ಚುಚ್ಚಿದಾಂವ ನಾನು."

ಲೋಹಿತ ಕಾಳು ನೋಡಿದ, ಪಡಸಾಲೆಯ ಗೋಡೆಯನ್ನು ನೋಡಿದ. ವ್ಯಾಪಾರಿಯ ಮಗ, ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಬೈಕು ಹೊರಗೆ ತಳ್ಳಿ ಸವಣೂರಿನ ದಾರಿ ಹಿಡಿದ. ಬೀಗದ ಕೈ ಒಯ್ಯೋ ಎಂದು ಕೂಗಿದೆ, ಅವನು ತಿರುಗಿ ನೋಡಲಿಲ್ಲ.