ದೊಡ್ಡಪ್ಪನ ಉಗುರು

ಉಗುರಕ್ಕ ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದದ್ದು ನೋಡಿ ಸೋಫಾ ಅಂಗಡಿಯ ಸೇಲ್ಸ್‌ಮನ್ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ಬೆಲೆಬಾಳುವ ಮಾಲಿನ ನಡುವೆ ನಿಂತು ಈ ಹೆಂಗಸು ಕಡ್ಡಿ ಗೀರುತ್ತಾಳೇನೋ ಅಂತ ಅವನಿಗೆ ಗಾಬರಿ. ಪೊಟ್ಟಣದಲ್ಲಿ ಕಡ್ಡಿಗಳಿರಲಿಲ್ಲ. ಕಪ್ಪಗೆ, ಬಾಗಿದ ಉಗುರಿನ ತುಂಡುಗಳಿದ್ದವು.

"ಇದೇನ್ ಮೇಡಂ ಇದು?"

"ದೊಡ್ಡಪ್ಪನ ಉಗುರು."

ಅವನ ಮುಖ ಹುಳ್ಳಗಾಯಿತು. ಪಾಪ ಅನ್ನಿಸಿ ಅವಳೇ ಬಿಡಿಸಿ ಹೇಳಿದಳು. "ನಮ್ಮ ನಾಯಿ ಹೆಸರು ಕಣಪ್ಪ. ಲೆದರ್ ಸ್ಯಾಂಪಲ್ ತುಂಡು ಇಟ್ಟಿರ್ತೀರಲ್ಲ, ಅವನ್ನ ತನ್ನಿ. ಸೋಫಾ ಮೇಲೆ ಗೀರಲ್ಲ, ಹೆದರ್ಬೇಡಿ."

ಊರಿನ ನಾಯಿಗಳಿಗೆಲ್ಲ ಸ್ನಾನ ಮಾಡಿಸಿ ಉಗುರು ಕತ್ತರಿಸುವುದೇ ಅವಳ ಕಸುಬು. ಅದಕ್ಕೇ ಬೀದಿಯವರ ಬಾಯಲ್ಲಿ ಉಗುರಕ್ಕ. ಗಂಡ ಬಸ್ ಡ್ರೈವರ್. ಇಪ್ಪತ್ತಾರು ವರ್ಷ ಸ್ಟೀರಿಂಗ್ ತಿರುಗಿಸಿ ಅವನ ಸೊಂಟ ಹಣ್ಣಾಗಿತ್ತು. ಎತ್ತರಕ್ಕಿರುವ ಗಟ್ಟಿ ಸೀಟಿನ ಮೇಲೇ ಕೂರಬೇಕು ಅಂತ ಡಾಕ್ಟರು ಹೇಳಿದ್ದರು. ಮನೆಯ ಬಟ್ಟೆ ಸೋಫಾ ಕುಸಿದು ಕುಸಿದು ಗುಂಡಿಯಾಗಿತ್ತು, ಕೂತವರನ್ನು ಎಬ್ಬಿಸಲು ಇಬ್ಬರು ಬೇಕು. ಅದರ ತುಂಬ ನಾಯಿ ಕೂದಲು, ನಾಯಿ ವಾಸನೆ. ಒರೆಸಿದರೆ ಶುಭ್ರವಾಗುವ ಲೆದರ್ ಸೋಫಾನೇ ತರೋಣ ಅಂದದ್ದು ಅವಳೇ. ಅಲ್ಲಿಯವರೆಗೆ ಜಗಳವಿರಲಿಲ್ಲ.

"ತಗೋ, ಬೇಡ ಅನ್ನಲ್ಲ," ಅಂದಿದ್ದ ಡ್ರೈವರು. "ಆದ್ರೆ ಇಷ್ಟು ದುಡ್ಡು ಸುರಿದ ಮೇಲೆ ಒಂದೇ ಒಂದು ಗೀರು ಬೀಳ್ಲಿ ನೋಡು, ಗೀರಿದವ್ರು ಅವತ್ತೇ ಹಿತ್ತಲ ಶೆಡ್ಡಿಗೆ. ಯಾರಾದ್ರೂ ಸರಿ."

ಆ ಮಾತು ಅವಳ ಎದೆಗೆ ನಾಟಿತ್ತು. ಮನೆಯ ಇನ್ನೊಂದು ನಾಯಿ ಚಿನಕುರಳಿಗೆ ಎರಡು ವರ್ಷ, ಅದು ಎಲ್ಲಿ ಹಾಕಿದರೂ ಬದುಕುತ್ತದೆ. ದೊಡ್ಡಪ್ಪನಿಗೆ ಹದಿನಾಲ್ಕು. ಮುಖವೆಲ್ಲ ನರೆತು, ಕಣ್ಣಿಗೆ ಪೊರೆ ಬಂದಿದೆ. ಶೆಡ್ಡಿನ ಸಿಮೆಂಟು ನೆಲದ ಮೇಲೆ ಅವನು ಒಂದು ಚಳಿಗಾಲ ದಾಟುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಂತ ಡ್ರೈವರ ಹತ್ತಿರ ವಾದ ಮಾಡಿ ಗೆದ್ದವರುಂಟೆ? ಹಾರ್ನ್ ಹೊಡೆದ ಹಾಗೆ ಒಂದೇ ಮಾತು ಹತ್ತು ಸಲ ಹೇಳುತ್ತಾನೆ. ಗೀರೇ ಬೀಳದ ಚರ್ಮ ಹುಡುಕುತ್ತೇನೆ, ಆಮೇಲೆ ಅದ್ಯಾರು ಇವನ್ನು ಹೊರಗೆ ಹಾಕುತ್ತಾರೋ ನೋಡೇ ಬಿಡ್ತೀನಿ ಅಂತ ಹೊರಟಿದ್ದಳು. ಇದು ಆರನೆಯ ಅಂಗಡಿ.

ಸೇಲ್ಸ್‌ಮನ್ ಮೊದಲು ಕೆನೆ ಬಣ್ಣದ ತುಂಡು ತಂದ. ಬೆಣ್ಣೆಯಷ್ಟು ಮೃದು. ಉಗುರು ತಾಗಿಸಿದ್ದೇ ತಡ, ಉದ್ದಕ್ಕೆ ಗೆರೆ. ಎರಡನೆಯದು ಅಗ್ಗದ್ದು. ಎರಡು ಸಲ ಗೀರಿದ ಕೂಡಲೇ ಮೇಲಿನ ಪದರ ಸುಲಿದು ಒಳಗಿನ ಬಟ್ಟೆ ಇಣುಕಿತು.

"ಇದು ಲೆದರಾ? ಯಾರ ಕಿವಿಗೆ ಹೂವಿಡ್ತೀರಿ?"

"ಅಯ್ಯೋ, ಎಲ್ರೂ ಇದನ್ನೇ ಒಯ್ತಾರೆ ಮೇಡಂ."

"ಎಲ್ರ ಮನೇಲೂ ದೊಡ್ಡಪ್ಪ ಇರಲ್ವಲ್ಲ."

ಮೂರನೆಯದು ಗಾಢ ಕಂದು. ದಪ್ಪ ಚರ್ಮ, ಮೇಲೆ ಗಟ್ಟಿ ಬಣ್ಣದ ಲೇಪ. ಉಗುರು ಜಾರಿತು. ಒತ್ತಿ ಎಳೆದಳು. ಸಣ್ಣ ಗೆರೆ ಮೂಡಿತು, ಹೆಬ್ಬೆರಳಿನಿಂದ ತಿಕ್ಕಿದರೆ ಮಾಯ. ಬೆಲೆ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರು ಜನರದ್ದೊಂದು, ಒಬ್ಬೊಬ್ಬರದ್ದು ಎರಡು, ಇಡೀ ಸೆಟ್ಟು ತಂದರೆ ಕೂಡಿಟ್ಟದ್ದರ ಒಂದೂವರೆಪಟ್ಟು.

"ಮೂರು ಜನರದ್ದೊಂದೇ ಕೊಡಿ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು."

"ನೆಂಟ್ರು ಬಂದ್ರೆ ಏನ್ ಮಾಡ್ತೀರಿ ಮೇಡಂ?"

"ನಾಯಿ ಇರೋ ಮನೇಲಿ ನೆಂಟ್ರು ಜಾಸ್ತಿ ಹೊತ್ತು ಕೂರಲ್ಲ," ಅಂದು ಅಡ್ವಾನ್ಸ್ ಎಣಿಸಿದಳು.

ಸೋಫಾ ಬಂದದ್ದು ಭಾನುವಾರ ಮಧ್ಯಾಹ್ನ. ಬಾಗಿಲಿನ ಅಗಲ ಮೊದಲೇ ಅಳೆದಿದ್ದಳು, ಸಲೀಸಾಗಿ ಒಳಗೆ ಹೋಯಿತು. ತಂದವರು ಹಳೆಯದನ್ನು ಹೊತ್ತು ಹಿತ್ತಲ ಶೆಡ್ಡಿಗೆ ಹಾಕಿದರು. ಡ್ಯೂಟಿ ಮುಗಿಸಿ ಬಂದ ಡ್ರೈವರು ಯೂನಿಫಾರ್ಮಿನಲ್ಲೇ ಕೂತು ಕಣ್ಣು ಮುಚ್ಚಿದ. "ಆಹಾ! ನನಗೊಂದು ಸೊಂಟ ಇದೆ ಅನ್ನೋದೇ ಮರ್ತು ಹೋಯ್ತು ಕಣೇ." ಚಿನಕುರಳಿ ಹಾರಿತು, ಗಿರಕಿ ಹೊಡೆಯಿತು, ಇಳಿಯಿತು. ಉಗುರಕ್ಕ ಬಗ್ಗಿ ಬೆರಳಾಡಿಸಿ ನೋಡಿದಳು. ಒಂದು ಗೆರೆಯಿಲ್ಲ! ಗೆದ್ದೆ ಅಂತ ಕೂಗಬೇಕು ಅನ್ನಿಸಿತು.

ಅಷ್ಟರಲ್ಲಿ ದೊಡ್ಡಪ್ಪ ಬಂದ. ಅಂಚಿನ ಮೇಲೆ ಗದ್ದ ಇಟ್ಟು ಮೂಸಿದ. ಮುಂಗಾಲೊಂದು ಎತ್ತಿದ, ಜಾರಿತು. ಇನ್ನೊಮ್ಮೆ ಎತ್ತಿದ, ಹಿಂಗಾಲು ನಡುಗಿ ಕೂತೇ ಬಿಟ್ಟ. ಆಮೇಲೆ ಪ್ರಯತ್ನ ಮಾಡಲಿಲ್ಲ, ಬರಿ ನೆಲದ ಮೇಲೆ ಮುದುರಿ ಮಲಗಿದ.

ಉಗುರಕ್ಕ ಉಗುರು ತಾಗಿಸಿ ನೋಡಿದ್ದಳು, ಬಣ್ಣ ನೋಡಿದ್ದಳು, ಬಾಗಿಲು ಅಳೆದಿದ್ದಳು. ಎತ್ತರ ಅಳೆದದ್ದು ಗಂಡನ ಸೊಂಟಕ್ಕೆ ಮಾತ್ರ. ಹಳೆಯ ಸೋಫಾ ಕುಸಿದಿತ್ತು, ಅದಕ್ಕೇ ಮುದುಕ ಹತ್ತುತ್ತಿದ್ದ. "ಎಂಥ ದಡ್ಡಿ ನಾನು," ಅಂದಳು. ಕಣ್ಣು ತುಂಬಿ ಬಂತು.

"ಏನಾಯ್ತೇ?" ಅನ್ನುತ್ತ ಡ್ರೈವರು ಗಡಬಡಿಸಿ ಎದ್ದ. ಪರ್ ಅಂತ ಸದ್ದು. ಅವನ ಬೆಲ್ಟಿಗೆ ಸಿಕ್ಕಿಸಿದ್ದ ಬೀಗದಕೈ ಗೊಂಚಲು ಸೀಟಿನ ಅಂಚನ್ನು ಎಳೆದುಕೊಂಡೇ ಎದ್ದಿತ್ತು. ಗೇಣುದ್ದದ ಬಿಳಿ ಗೀರು. ಅವನು ಹೆಬ್ಬೆರಳಿನಿಂದ ತಿಕ್ಕಿದ. ಉಗುಳು ಹಚ್ಚಿ ತಿಕ್ಕಿದ. ಹೋಗಲಿಲ್ಲ.

ಉಗುರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಮ್ಮೆ ಗೀರು ನೋಡಿದಳು, ಒಮ್ಮೆ ಗಂಡನನ್ನು.

"ಶೆಡ್ಡಲ್ಲಿ ಹಾಸಿಗೆ ಯಾವ ಕಡೆ ಹಾಸ್ಲಿ ರೀ?"

ಡ್ರೈವರು ಗೊಂಚಲು ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ. ಹಿತ್ತಲಿಗೆ ಹೋದ. ಸಿಟ್ಟು ಬಂತೇನೋ ಅಂದುಕೊಂಡಳು. ಶೆಡ್ಡಿನಲ್ಲಿ ಏನೋ ಎಳೆದಾಡುವ ಸದ್ದು ಕೇಳಿಸಿತು. ಹಳೆಯ ಸೋಫಾದ ಎರಡು ಮೆತ್ತೆಗಳನ್ನು ಕಂಕುಳಲ್ಲಿ ಒತ್ತಿಕೊಂಡು, ಸೊಂಟ ಹಿಡಿದುಕೊಂಡು ಬಂದ. ಹೊಸ ಸೋಫಾದ ಬುಡದಲ್ಲಿ ಒಂದರ ಮೇಲೊಂದು ಪೇರಿಸಿ, ಬ್ರೇಕು ತುಳಿದ ಹಾಗೆ ಕಾಲಲ್ಲಿ ಒತ್ತಿ ನೋಡಿದ.

"ಮೆಟ್ಲಿಲ್ದೆ ಯಾವ ಮುದುಕ ಬಸ್ ಹತ್ತಿದ್ದಾನೆ?" ಅಂತ ಗೊಣಗಿದ. ಆಮೇಲೆ ಬಗ್ಗಿ, "ಬಾರಪ್ಪ ದೊಡ್ಡಪ್ಪ. ನಿಧಾನ. ಬಸ್ಸಿನ್ನೂ ಬಿಟ್ಟಿಲ್ಲ."

ದೊಡ್ಡಪ್ಪ ಮೆತ್ತೆ ಮೂಸಿದ. ತನ್ನದೇ ವಾಸನೆ. ಒಂದು ಕಾಲಿಟ್ಟ, ತಡೆದ, ಇನ್ನೊಂದಿಟ್ಟ. ಮೇಲೆ ಹತ್ತಿ ಮೂರು ಸುತ್ತು ಸುತ್ತಿದ. ಅವನು ಮಲಗಿ ನಿಟ್ಟುಸಿರು ಬಿಡುವವರೆಗೂ ಡ್ರೈವರು ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದ.